ವಿಮಾನ ಇಳಿದ ಗೋಮಾಳ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ಒಂದು ಸಂಘ ನಡೆಸೋದು ಸುಲಭದ ಮಾತಲ್ಲ. ಅದರ ಕಷ್ಟಸುಖವನ್ನು ನಮಗಿಂತ ಮುಂಚೆ ಮಾತನಾಡಿದ ಮಹನೀಯರು ಸವಿಸ್ತಾರವಾಗಿ ತಿಳಿಸಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಊಟದ ಹೊತ್ತನ್ನು ಮೀರಿಸುವುದಿಲ್ಲ. ಮೇವಿನ ವಿಚಾರ, ಗೋಮಾಳದ ವಿಚಾರ ಏನಾದರೂ ಹೇಳಿ ಎಂದು ಮಂಡಳಿಯವರು ಅಪ್ಪಣೆ ಕೊಟ್ಟಿದ್ದರು. ನಾವು ಹೇಳಹೊರಟಿರುವುದು ಗೋಮಾಳದ ಕಥೆಯೇ. ಆದರೆ ನಮ್ಮ ಸೀಮೆಯದಲ್ಲ, ಇಂಗ್ಲೆಂಡಿನದು. ದನ ಮೇಯುತ್ತಿದ್ದ ಒಂದು ಜಾಗ ಎರಡನೇ ಮಹಾಯುದ್ಧದಲ್ಲಿ ವಿಮಾನ ನಿಲ್ದಾಣವಾಯಿತು, ಆಮೇಲೆ ಅಣ್ವಸ್ತ್ರದ ಕೋಟೆಯಾಯಿತು, ಕಡೆಗೆ ತಿರುಗಿ ದನ ಮೇಯುವ ಜಾಗವೇ ಆಯಿತು. ಇಷ್ಟಾಗಲು ಸುಮಾರು 60 ವರ್ಷ ಹಿಡಿಯಿತು. ನಾವು ಆ ಊರನ್ನು ಕಣ್ಣಾರೆ ಕಂಡವರಲ್ಲ, ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಲಂಡನ್ನಿನಿಂದ ಪಶ್ಚಿಮಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ, ಬರ್ಕ್‌ಶೈರ್ ಎಂಬ ಸೀಮೆಯಲ್ಲಿ, ನ್ಯೂಬರಿ ಅಂತ ಒಂದು ಪೇಟೆ ಇದೆ. ಅದರ ಮಗ್ಗುಲಿಗೆ ಗ್ರೀನ್‌ಹ್ಯಾಮ್ ಕಾಮನ್. ‘ಕಾಮನ್’ ಅಂದರೆ ಅಲ್ಲಿನವರ ಮಾತಿನಲ್ಲಿ ಊರೊಟ್ಟಿನ ಬಯಲು. ಗರಸು ಮಣ್ಣಿನ ದಿಣ್ಣೆ, ನೆತ್ತಿ ಮಾತ್ರ ಮಟ್ಟಸ. ಮುಳ್ಳುಗಿಡ, ಕುರುಚಲು, ಅಲ್ಲಲ್ಲಿ ಹುಲ್ಲು. ಬೇಸಾಯಕ್ಕೆ ಬಾರದ ನೆಲ ಅಂತ ನಾವು ಬಿಟ್ಟುಬಿಡ್ತೀವಲ್ಲ, ಅಂಥದ್ದು. ಅಕ್ಕಪಕ್ಕದ ಮನೆಗಳವರು ತಲೆತಲಾಂತರದಿಂದ ಅಲ್ಲಿ ದನ ಮೇಯಿಸ್ತಿದ್ದರು, ಒಲೆಗೆ ಮುಳ್ಳುಸೌದೆ ಕಡೀತಿದ್ದರು, ಗರಸು ತೋಡ್ತಿದ್ದರು.

ಇಲ್ಲಿ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಕಥೆಯೆಲ್ಲಾ ಅದರ ಮೇಲೇ ನಿಂತಿದೆ. ನಮ್ಮಲ್ಲಿ ಗೋಮಾಳ ಅಂದರೆ ಸರ್ಕಾರದ ನೆಲ. 1964ರ ಭೂ ಕಂದಾಯ ಕಾಯ್ದೆಯ ಪ್ರಕಾರ ದನಕರುಗಳಿಗೆ ಅಂತ ಕಾದಿರಿಸಿದ್ದು. ಅಲ್ಲಿ ಹಾಗಲ್ಲ. ಮಣ್ಣಿನ ಒಡೆತನ ಒಬ್ಬರದು, ಆ ಮಣ್ಣಿನ ಮೇಲೆ ಮೇಯಿಸುವ ಹಕ್ಕು ಇನ್ನೊಬ್ಬರದು. ಒಡೆಯ ಬದಲಾದರೂ ಮೇಯಿಸುವವನ ಹಕ್ಕು ಬದಲಾಗೋದಿಲ್ಲ. ಹಕ್ಕು ಇಂಥ ಮನೆಗೆ, ಇಂಥ ಹಿಡುವಳಿಗೆ ಅಂತ ಅಂಟಿಕೊಂಡಿರುತ್ತೆ. ಆ ಹಕ್ಕುದಾರರಿಗೆ ‘ಕಾಮನರ್’ ಅನ್ನುತ್ತಾರೆ.

1939ರಲ್ಲಿ ಯುದ್ಧ ಶುರುವಾಯಿತು. ಮರುವರ್ಷ ಫ್ರಾನ್ಸ್ ಬಿತ್ತು, ಹಿಟ್ಲರನ ಸೈನ್ಯ ಕಡಲಿನ ಆಚೆ ದಡಕ್ಕೇ ಬಂದು ಕೂತಿತು. ಬ್ರಿಟನ್ನಿಗೆ ವಿಮಾನ ನಿಲ್ದಾಣಗಳು ತುರ್ತಾಗಿ ಬೇಕಾದವು. ಆ ಆರು ವರ್ಷದಲ್ಲಿ ಆ ಸಣ್ಣ ದೇಶದಲ್ಲಿ 400ಕ್ಕೂ ಹೆಚ್ಚು ಹೊಸ ನಿಲ್ದಾಣ ಕಟ್ಟಿದರು. ಹೊಲ, ತೋಟ, ಹುಲ್ಲುಗಾವಲು ಯಾವುದನ್ನೂ ನೋಡಲಿಲ್ಲ. ಮಟ್ಟಸವಾಗಿರಬೇಕು, ನೀರು ನಿಲ್ಲಬಾರದು, ಅಷ್ಟೇ. ಗ್ರೀನ್‌ಹ್ಯಾಮಿನ ದಿಣ್ಣೆಗೆ ಈ ಎರಡು ಗುಣವೂ ಇತ್ತು. ಉಳುವವನಿಗೆ ಬೇಡವಾದ ಗರಸೇ ವಿಮಾನದವನಿಗೆ ಬೇಕಾಯಿತು. 1941ರಲ್ಲಿ ವಾಯುಪಡೆಯ ಇಲಾಖೆ ಜಾಗವನ್ನು ವಶಕ್ಕೆ ತೆಗೆದುಕೊಂಡಿತು. ಯುದ್ಧಕಾಲದ ವಶ ಅಂದರೆ ಕೊಂಡುಕೊಂಡದ್ದಲ್ಲ, ಕೆಲಸ ಮುಗಿಯುವವರೆಗೆ ಅಂತ ತೆಗೆದುಕೊಂಡದ್ದು. ಮೇಯೋ ದನ ಆಚೆ ಹೋದವು, ಕಾಂಕ್ರೀಟು ಬಂತು.

ಮುಂದೆ ಅಮೆರಿಕದವರು ಬಂದು ಅಲ್ಲಿ ನೆಲೆಯಾದರು. 1944ರ ಜೂನ್ 5ರ ಸಂಜೆ ಮಿತ್ರಪಡೆಗಳ ಮಹಾದಂಡನಾಯಕ ಐಸೆನ್‌ಹೋವರ್ ಇದೇ ಗ್ರೀನ್‌ಹ್ಯಾಮಿಗೆ ಬಂದು, ಮುಖಕ್ಕೆ ಮಸಿ ಬಳಿದುಕೊಂಡು ಪ್ಯಾರಾಚೂಟ್ ಕಟ್ಟಿಕೊಳ್ಳಲು ಅಣಿಯಾಗಿದ್ದ ಹುಡುಗರ ಜೊತೆ ನಿಂತು ಮಾತಾಡಿದ. ಆ ಫೋಟೋ ಲೋಕಪ್ರಸಿದ್ಧ. ಅಂದು ರಾತ್ರಿ ಆ ಹುಡುಗರನ್ನು ಹೊತ್ತ ವಿಮಾನಗಳು ಫ್ರಾನ್ಸಿನ ನಾರ್ಮಂಡಿಗೆ ಹಾರಿದವು. ಬೆಳಗಾದರೆ ಯುದ್ಧದ ಗತಿಯನ್ನೇ ತಿರುಗಿಸಿದ ದಿನ. ಎಷ್ಟೋ ಹುಡುಗರು ವಾಪಸು ಬರಲಿಲ್ಲ. ಇಂಥ ಕೆಲಸಕ್ಕೆ ಗೋಮಾಳ ಕೊಟ್ಟದ್ದನ್ನು ತಪ್ಪು ಅಂತ ಅಲ್ಲಿನ ರೈತರು ಯಾರೂ ಹೇಳಿರಲಾರರು, ನಾವೂ ಹೇಳೋದಿಲ್ಲ. ಶತ್ರು ಬಾಗಿಲಿಗೆ ಬಂದಾಗ ಹುಲ್ಲಿನ ಲೆಕ್ಕ ಕೇಳಬಾರದು.

ಲೆಕ್ಕ ಕೇಳಬೇಕಾದದ್ದು ಆಮೇಲೆ. ಯುದ್ಧ ಮುಗಿಯಿತು, 1946ರಲ್ಲಿ ನಿಲ್ದಾಣ ಮುಚ್ಚಿದರು, ಮರುವರ್ಷ ಜಾಗ ಬಿಟ್ಟುಕೊಟ್ಟರು. ಇನ್ನೇನು ಊರಿಗೆ ಊರಿನ ಬಯಲು ಬಂತು ಅನ್ನುವಷ್ಟರಲ್ಲಿ, 1951ರಲ್ಲಿ ಮತ್ತೆ ತೆಗೆದುಕೊಂಡರು. ಈ ಸಲ ಯುದ್ಧ ಇರಲಿಲ್ಲ. ಅಮೆರಿಕಕ್ಕೂ ರಷ್ಯಾಕ್ಕೂ ಮುನಿಸು, ಅಮೆರಿಕದ ಬಾಂಬರ್ ವಿಮಾನಗಳಿಗೆ ನೆಲೆ ಬೇಕಿತ್ತು. ಊರಿನವರ ವಿರೋಧ ನಡೆಯಲಿಲ್ಲ. ಹಳೇ ರನ್‌ವೇ ಸಾಲದು ಅಂತ 10,000 ಅಡಿ ಉದ್ದದ ಹೊಸದನ್ನು ಹಾಸಿದರು. ಮೂರು ಕಿಲೋಮೀಟರ್! ಗೋಮಾಳದ ನಡು ಬೆನ್ನಿಗೇ ಕಾಂಕ್ರೀಟಿನ ಪಟ್ಟಿ ಕಟ್ಟಿದ ಹಾಗೆ. ಸುತ್ತ ತಂತಿಬೇಲಿ. 1941ರದು ಸಾಲ ಪಡೆದದ್ದು, 1951ರದು ಹಿಡಿದಿಟ್ಟುಕೊಂಡದ್ದು ಅಂತ ನಮಗೆ ಅನ್ನಿಸುತ್ತೆ.

1964ರಲ್ಲಿ ಅಮೆರಿಕದವರು ಹೋದರು, ಕೆಲವೇ ವರ್ಷಕ್ಕೆ ತಿರುಗಿ ಬಂದರು. 1980ರಲ್ಲಿ ಬ್ರಿಟನ್ ಸರ್ಕಾರ ಒಂದು ಸುದ್ದಿ ಹೊರಡಿಸಿತು: ಗ್ರೀನ್‌ಹ್ಯಾಮಿನಲ್ಲಿ ಅಣ್ವಸ್ತ್ರ ಹೊತ್ತ 96 ಕ್ರೂಸ್ ಕ್ಷಿಪಣಿಗಳನ್ನು ಇಡುತ್ತೇವೆ. ಯೋಚನೆ ಮಾಡಿ, ನಿಮ್ಮೂರ ಗೋಮಾಳದಲ್ಲಿ ಅಣುಬಾಂಬು.

ಆಗ ಎದ್ದು ಬಂದವರು ಹೆಂಗಸರು. 1981ರ ಆಗಸ್ಟ್ 27ರಂದು ವೇಲ್ಸ್ ನಾಡಿನ ಕಾರ್ಡಿಫ್‌ನಿಂದ 36 ಜನ ಹೆಂಗಸರು, ಕೆಲವರು ಕಂಕುಳಲ್ಲಿ ಕೂಸು ಎತ್ತಿಕೊಂಡು, ಕಾಲ್ನಡಿಗೆಯಲ್ಲಿ ಹೊರಟು ಸೆಪ್ಟೆಂಬರ್ 5ಕ್ಕೆ ಗ್ರೀನ್‌ಹ್ಯಾಮ್ ಗೇಟಿಗೆ ಬಂದರು. ಹತ್ತಿರ ಹತ್ತಿರ 200 ಕಿಲೋಮೀಟರ್ ದಾರಿ. ಸರ್ಕಾರದವರು ನಮ್ಮ ಜೊತೆ ಬಹಿರಂಗವಾಗಿ ವಾದಕ್ಕೆ ಬರಲಿ ಅಂದರು. ಯಾರೂ ಬರಲಿಲ್ಲ. ಅಲ್ಲೇ ಬಿಡಾರ ಹೂಡಿದರು. ಗೇಟಿಗೊಂದು ಬಿಡಾರ: ಹಳದಿ ಗೇಟು, ನೀಲಿ ಗೇಟು, ಹಸಿರು ಗೇಟು ಅಂತ ಹೆಸರು. ಚಳಿ ಅಂದರೆ ಮೂಳೆ ಕೊರೆಯುವ ಚಳಿ, ಮೇಲೆ ಒಂದು ಪ್ಲಾಸ್ಟಿಕ್ ಹಾಳೆ. ಅಮೀನರು ಬಂದು ಕಿತ್ತು ಹಾಕೋದು, ಇವರು ಮತ್ತೆ ಹಾಕೋದು. 1982ರ ಡಿಸೆಂಬರ್ 12ರಂದು ಸುಮಾರು 30,000 ಹೆಂಗಸರು ಕೈಕೈ ಹಿಡಿದು ಒಂಬತ್ತು ಮೈಲಿ ಬೇಲಿಯನ್ನು ಸುತ್ತುವರಿದು ನಿಂತರು. 1983ರ ಹೊಸ ವರ್ಷದ ದಿನ 44 ಜನ ಬೇಲಿ ಹತ್ತಿ ಒಳಗೆ ಹೋಗಿ ಕ್ಷಿಪಣಿ ಗೂಡಿನ ಮೇಲೆ ಕುಣಿದರು. ಆದರೂ ಆ ವರ್ಷದ ನವೆಂಬರಿನಲ್ಲಿ ಕ್ಷಿಪಣಿ ಬಂದವು. ಇನ್ನೊಂದು ಮಾತೂ ಹೇಳಬೇಕು, ನ್ಯೂಬರಿ ಪೇಟೆಯ ಎಲ್ಲರಿಗೂ ಈ ಬಿಡಾರದವರು ಇಷ್ಟವಾಗಿರಲಿಲ್ಲ. ಊರು ಹೊಲಸಾಯಿತು ಅಂತ ಬೈದವರು ಬಹಳ ಮಂದಿ.

ಈಗ ಕಥೆ ಕೋರ್ಟಿಗೆ ಬರುತ್ತೆ. ದಯವಿಟ್ಟು ಸ್ವಲ್ಪ ಗಮನ ಕೊಡಿ, ಇದನ್ನು ಹೇಳಬೇಕು ಅಂತಲೇ ನಾವು ಈ ವಿಷಯ ಆರಿಸಿಕೊಂಡದ್ದು.

ಹೆಂಗಸರು ಬೇಲಿ ದಾಟೋದನ್ನು ತಡೆಯೋಕೆ ರಕ್ಷಣಾ ಇಲಾಖೆ 1985ರಲ್ಲಿ ಒಂದು ನಿಯಮ ಮಾಡಿತು. ಅನುಮತಿ ಇಲ್ಲದೆ ಯಾರೂ ಆ ಜಾಗಕ್ಕೆ ಕಾಲಿಡಬಾರದು, ಇಟ್ಟರೆ ಅಪರಾಧ. ಎಷ್ಟೋ ಜನರ ಮೇಲೆ ಕೇಸು ಹಾಕಿದರು. ಹಚಿನ್ಸನ್ ಮತ್ತು ಸ್ಮಿತ್ ಎಂಬ ಇಬ್ಬರು ಹೆಂಗಸರು ಮಾತ್ರ ಆ ನಿಯಮವನ್ನೇ ಹಿಡಿದು ಪ್ರಶ್ನೆ ಮಾಡಿದರು. ನಿಯಮ ಮಾಡುವ ಅಧಿಕಾರ ಇಲಾಖೆಗೆ ಎಲ್ಲಿಂದ ಬಂತು? 1892ರ ಒಂದು ಮಿಲಿಟರಿ ಜಮೀನು ಕಾಯ್ದೆಯಿಂದ. ಆ ಕಾಯ್ದೆಯಲ್ಲೇ ಒಂದು ಕಟ್ಟುಪಾಡು ಇತ್ತು: ಹೀಗೆ ಮಾಡುವ ಯಾವ ನಿಯಮವೂ ಕಾಮನರ್‌ಗಳ ಹಕ್ಕನ್ನು ಕಿತ್ತುಕೊಳ್ಳಬಾರದು, ಅದಕ್ಕೆ ಬಾಧೆ ತರಬಾರದು. ನೋಡಿ, ‘ಯಾರೂ ಕಾಲಿಡಬಾರದು’ ಅಂದಮೇಲೆ ಮೇಯಿಸುವ ಹಕ್ಕಿನವನೂ ಕಾಲಿಡಬಾರದು ಅಂತ ಆಯಿತಲ್ಲ. ಹಾಗಾದರೆ ನಿಯಮ ಕಾಯ್ದೆಗೇ ವಿರುದ್ಧ.

ಆ ಇಬ್ಬರು ಹೆಂಗಸರು ತಮ್ಮ ದನಕ್ಕೆ ಹುಲ್ಲು ಕೇಳಿಕೊಂಡು ಹೋದವರಲ್ಲ, ಕ್ಷಿಪಣಿ ಬೇಡ ಅಂತ ಹೋದವರು. ಹಕ್ಕು ಇದ್ದದ್ದು ಊರಿನ ಅರವತ್ತು ಚಿಲ್ಲರೆ ಮಂದಿಗೆ. ಬೇಲಿ ಬಿದ್ದ ಮೇಲೆ ರನ್‌ವೇ ಪಕ್ಕದಲ್ಲಿ ಅವರ ದನಗಳಿಗೆ ಜಾಗವೇ ಇರಲಿಲ್ಲ. ಆದರೂ ಆ ನೆಲದ ಬಹುಭಾಗ 1965ರ ಕಾಯ್ದೆಯಡಿ ಕಾಮನ್ ಅಂತ ರಿಜಿಸ್ಟರಿನಲ್ಲಿ ದಾಖಲಾಗಿತ್ತು. ಹಕ್ಕು ಬಳಕೆಯಲ್ಲಿರಲಿಲ್ಲ, ಆದರೆ ಪುಸ್ತಕದಲ್ಲಿತ್ತು.

ಕೆಳಗಿನ ಕೋರ್ಟು ಅಪರಾಧ ಅಂತು, ಅದರ ಮೇಲಿನದು ಅಲ್ಲ ಅಂತು, ಅದಕ್ಕೂ ಮೇಲಿನದು ಮತ್ತೆ ಅಪರಾಧ ಅಂತು. ಕೊನೆಗೆ ಆಗಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್‌ಗೆ ಹೋಯಿತು. ಸರ್ಕಾರದ ವಕೀಲರು ಜಾಣತನದ ಮಾತಾಡಿದರು. ಕಾಮನರ್‌ಗಳನ್ನು ಬಿಟ್ಟು ಮಿಕ್ಕವರಿಗೆ ನಿಯಮ ಅನ್ವಯಿಸಲಿ, ಅಷ್ಟಕ್ಕೆ ಅದು ನಿಲ್ಲುತ್ತಲ್ಲ ಅಂದರು. ನ್ಯಾಯಾಧೀಶರು ಒಪ್ಪಲಿಲ್ಲ. ದನ ಹೊಡೆದುಕೊಂಡು ಜನ ಓಡಾಡಬಹುದಾದ ಜಾಗ ಬೇರೆ, ನರಪಿಳ್ಳೆಯೂ ಹೋಗದಂತೆ ಬಂದೋಬಸ್ತು ಮಾಡಿದ ಜಾಗ ಬೇರೆ. ಹಾಗೆ ತಿದ್ದಿದರೆ ನಿಯಮದ ಸ್ವಭಾವವೇ ಬದಲಾಗುತ್ತೆ, ಅದನ್ನು ಅರ್ಧ ಕಿತ್ತು ಅರ್ಧ ಉಳಿಸೋಕೆ ಆಗೋದಿಲ್ಲ. 1990ರ ಜುಲೈ 12ರಂದು ತೀರ್ಪು ಬಂತು: 1985ರ ನಿಯಮ ಊರ್ಜಿತವಲ್ಲ. ಅಣ್ವಸ್ತ್ರದ ಕೋಟೆಗೆ ಹಾಕಿದ ಕಾನೂನಿನ ಬೀಗವನ್ನು ತೆಗೆದದ್ದು ದನ ಮೇಯಿಸುವ ಹಕ್ಕು.

ಸರ್ಕಾರ ಸುಮ್ಮನೆ ಕೂರಲಿಲ್ಲ. ಪರಿಹಾರ ಕೊಟ್ಟು ಆ ಹಕ್ಕುಗಳನ್ನೇ ಇಲ್ಲವಾಗಿಸಲು ಹೊರಟಿತು. ದುಡ್ಡು ಬೇಡ, ಹಕ್ಕು ಬೇಕು ಅಂದವರೂ ಇದ್ದರು. ಅಷ್ಟರಲ್ಲಿ ಕಾಲವೇ ಬದಲಾಗಿತ್ತು. 1987ರ ಡಿಸೆಂಬರಿನಲ್ಲಿ ರೇಗನ್ ಮತ್ತು ಗೋರ್ಬಚೆವ್ ಒಪ್ಪಂದಕ್ಕೆ ರುಜು ಹಾಕಿದ್ದರು. 1991ರ ಮಾರ್ಚಿನಲ್ಲಿ ಗ್ರೀನ್‌ಹ್ಯಾಮಿನ ಕೊನೆಯ ಕ್ಷಿಪಣಿ ಹೊರಟಿತು, ಮರುವರ್ಷ ಅಮೆರಿಕದವರೂ ಹೊರಟರು. ಹೆಂಗಸರ ಹೋರಾಟದಿಂದ ಹೋಯಿತೋ, ದೊಡ್ಡವರ ಒಪ್ಪಂದದಿಂದ ಹೋಯಿತೋ ಅಂತ ಅಲ್ಲಿ ಇವತ್ತಿಗೂ ಚರ್ಚೆ ಮಾಡ್ತಾರೆ, ಮಾಡಿಕೊಳ್ಳಲಿ.

ಪಾಳುಬಿದ್ದ ನಿಲ್ದಾಣವನ್ನು ಮಾರಾಟಕ್ಕಿಟ್ಟರು. ಇಷ್ಟು ದೊಡ್ಡ ಜಾಗ, ಲಂಡನ್ನಿಗೆ ಹತ್ತಿರ. ಸೈಟು ಮಾಡಿ ಮಾರುವವರ ಕಣ್ಣು ಬೀಳದೆ ಇರುತ್ತದೆಯೆ? ಆಗ ಊರಿನವರು ಮಾಡಿದ ಉಪಾಯವನ್ನು ಸಹಕಾರಿಗಳಾದ ನೀವು ಮೆಚ್ಚುತ್ತೀರಿ. ಸ್ಥಳೀಯರು ಸೇರಿ ಒಂದು ಟ್ರಸ್ಟ್ ಮಾಡಿಕೊಂಡು 1997ರಲ್ಲಿ 70 ಲಕ್ಷ ಪೌಂಡಿಗೆ ಅದನ್ನು ಕೊಂಡರು. ಕಟ್ಟಡಗಳಿದ್ದ ಭಾಗವನ್ನು ಉದ್ದಿಮೆಗಳಿಗೆ ಬಾಡಿಗೆಗೆ ಕೊಟ್ಟು, ಬಂದ ಲಾಭವನ್ನು ಸುತ್ತಲಿನ ಊರುಗಳ ಸಂಘಸಂಸ್ಥೆಗಳಿಗೆ ಹಂಚುವುದು ಅಂತ ಗೊತ್ತು ಮಾಡಿದರು. ಬಯಲಿನ ಭಾಗವನ್ನು ನ್ಯೂಬರಿಯ ಜಿಲ್ಲಾ ಕೌನ್ಸಿಲ್‌ಗೆ ಮಾರಿದರು. ಎಷ್ಟಕ್ಕೆ ಗೊತ್ತೆ? ಒಂದೇ ಒಂದು ಪೌಂಡಿಗೆ. ಆ ಟ್ರಸ್ಟ್ ಇಂದಿಗೂ ನಡೆಯುತ್ತಿದೆ.

ಕಾಂಕ್ರೀಟು ಕೀಳುವುದೇ ವರ್ಷಗಟ್ಟಲೆಯ ಕೆಲಸವಾಯಿತು. ಮೂರು ಕಿಲೋಮೀಟರ್ ರನ್‌ವೇಯನ್ನು ಒಡೆದು ಜಲ್ಲಿ ಮಾಡಿದರು. ಅದರಲ್ಲಿ ಬಹಳಷ್ಟು ನ್ಯೂಬರಿ ಪೇಟೆಯ ಹೊರಗೆ ಆಗ ಹಾಕುತ್ತಿದ್ದ ಬೈಪಾಸ್ ರಸ್ತೆಗೆ ಹೋಯಿತು. ಆ ರಸ್ತೆಯನ್ನು ವಿರೋಧಿಸಿ ಜನ ಮರ ಹತ್ತಿ ಕೂತಿದ್ದರು, ಅದೇ ಬೇರೆ ಕಥೆ. ನೆಲದೊಳಗಿನ ವಿಮಾನದ ಎಣ್ಣೆ ತೊಟ್ಟಿಗಳನ್ನು ತೆಗೆದು, ಎಣ್ಣೆ ಇಂಗಿದ ಮಣ್ಣನ್ನು ಶುದ್ಧಿ ಮಾಡಬೇಕಾಯಿತು. 2000ದ ಏಪ್ರಿಲಿನಲ್ಲಿ ಬೇಲಿ ತೆಗೆದು ಬಯಲನ್ನು ಜನರಿಗೆ ಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೆಂಗಸರು ತಮ್ಮ ಬಿಡಾರ ಕಿತ್ತರು, 19 ವರ್ಷ ಆಗಿತ್ತು.

ಮೇಯಿಸುವ ಹಕ್ಕು ಮಾತ್ರ ತಾನಾಗಿ ಬರಲಿಲ್ಲ. 2002ರಲ್ಲಿ ಅದಕ್ಕಾಗಿಯೇ ಪಾರ್ಲಿಮೆಂಟಿನಲ್ಲಿ ಒಂದು ಕಾಯ್ದೆ ಆಯಿತು, ಗ್ರೀನ್‌ಹ್ಯಾಮ್ ಮತ್ತು ಅದರ ಜೋಡಿ ಬಯಲಾದ ಕ್ರೂಕ್‌ಹ್ಯಾಮ್ ಹೆಸರಿನಲ್ಲಿ. ಕಾಮನರ್‌ಗಳ ಹಕ್ಕನ್ನು ಮರಳಿಸಿದರು. ಬಯಲನ್ನು ನೋಡಿಕೊಳ್ಳೋಕೆ ಒಂದು ಮಂಡಳಿ ಮಾಡಿದರು, ಅದರಲ್ಲಿ ಕಾಮನರ್‌ಗಳಿಗೂ ಜಾಗ.

ಈಗ ಅಲ್ಲಿ ದನ ಮೇಯುತ್ತವೆ. ದನ ಮುಳ್ಳುಗಿಡ ಹಬ್ಬದಂತೆ ತುಳಿದು ಮೇಯೋದರಿಂದ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಜಾಗ ಉಳಿದಿದೆ ಅಂತ ಪಕ್ಷಿ ಬಲ್ಲವರು ಹೇಳುತ್ತಾರೆ. ಬಯಲ ಅಂಚಿನ ರಸ್ತೆಗಳಲ್ಲಿ, ದನ ದಾಟದ ಹಾಗೆ ನೆಲಕ್ಕೆ ಕಬ್ಬಿಣದ ಸರಳು ಜೋಡಿಸಿದ್ದಾರೆ. ವಿಮಾನಗಳಿಗೆ ಅಪ್ಪಣೆ ಕೊಡುತ್ತಿದ್ದ ಗೋಪುರದಲ್ಲಿ 2018ರಿಂದ ಚಹಾ ಅಂಗಡಿ ಇದೆ. ಕ್ಷಿಪಣಿಯ ಗೂಡುಗಳನ್ನು ಸ್ಮಾರಕ ಅಂತ ಉಳಿಸಿದ್ದಾರೆ, ಹುಲ್ಲು ಬೆಳೆದ ದೊಡ್ಡ ದಿಬ್ಬಗಳ ಹಾಗಿವೆ. ರನ್‌ವೇಯ ಒಂದು ತುಂಡನ್ನೂ ಗುರುತಿಗೆ ಬಿಟ್ಟಿದ್ದಾರೆ. ವಿಮಾನಕ್ಕೆ ಬೆಂಕಿ ಬಿದ್ದರೆ ನೀರು ಹಾಯಿಸೋಕೆ ಅಂತ ಹಾಕಿದ್ದ ನಲ್ಲಿಗಳು ಪೊದೆಗಳ ನಡುವೆ ಅಲ್ಲಲ್ಲಿ ಇನ್ನೂ ನಿಂತಿವೆಯಂತೆ.

ಊಟದ ಹೊತ್ತಾಯಿತು, ಅಡಿಗೆಯ ಘಮಲೂ ಬರ್ತಾ ಇದೆ.