ಮಗ್ಗಕ್ಕಿಂತ ಮೊದಲು: ಕಂಬಳಿ ನೇಕಾರರ ಉಣ್ಣೆ ಆಯ್ಕೆ

ಕಂಬಳಿಯನ್ನು ಮೆಚ್ಚುವವರು ಸಾಮಾನ್ಯವಾಗಿ ಅದರ ನೇಯ್ಗೆಯನ್ನೂ ಅಂಚನ್ನೂ ನೋಡಿ ಮೆಚ್ಚುತ್ತಾರೆ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಸೀಮೆಯ ಕುರುಬ ನೇಕಾರರ ಕಸುಬನ್ನು ಹತ್ತಿರದಿಂದ ಗಮನಿಸಿದರೆ, ಈ ಕಲೆಯ ಅತ್ಯಂತ ಕಠಿಣವಾದ ಭಾಗವು ಮಗ್ಗದ ಮೇಲೆ ಅಲ್ಲ, ಮುಂದಿನ ಹಂಗಾಮಿಗೆ ಯಾವ ಉಣ್ಣೆಯನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಧಾರದಲ್ಲಿ ಇರುವುದು ತಿಳಿಯುತ್ತದೆ.

ಇಲ್ಲಿನ ಕಂಬಳಿಗೆ ಮೂಲ ದಖ್ಖನಿ ಕುರಿ, ಅಂದರೆ ದಖ್ಖನ್ ಪ್ರಸ್ಥಭೂಮಿಯ ಒಣ ಹವೆಗೂ ದೂರದ ಅಲೆದಾಟಕ್ಕೂ ಒಗ್ಗಿಕೊಂಡಿರುವ, ಬಹುಪಾಲು ಕಪ್ಪು ಬಣ್ಣದ ತಳಿ. ಇದರ ಉಣ್ಣೆ ಒರಟು, ಅದರಲ್ಲಿ ಕೂದಲೂ ಬೆರೆತಿರುತ್ತದೆ. ಮೆರಿನೋ ಉಣ್ಣೆಯ ನಯವನ್ನು ಇದರಲ್ಲಿ ಹುಡುಕುವುದು ತಪ್ಪು. ನೆಲದ ಮೇಲೆ ಹಾಸಿದರೂ, ಹೆಗಲ ಮೇಲೆ ಹೊತ್ತರೂ, ಮಳೆಯಲ್ಲಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೂ ವರ್ಷಗಟ್ಟಲೆ ಬಾಳುವ ಗಟ್ಟಿತನ ಆ ಒರಟಿನಿಂದಲೇ ಬರುತ್ತದೆ. ವರ್ಷಕ್ಕೆ ಸಾಮಾನ್ಯವಾಗಿ 2 ಸಲ, ಮುಂಗಾರಿಗೆ ಮೊದಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ, ಕುರಿಗಳನ್ನು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳಲ್ಲೋ ಹತ್ತಿರದ ಹಳ್ಳ ಕೆರೆಗಳಲ್ಲೋ ಮೈ ತೊಳೆದು ಉಣ್ಣೆ ಕತ್ತರಿಸುತ್ತಾರೆ, ಮತ್ತು ನೇಕಾರನ ಪರೀಕ್ಷೆ ಆರಂಭವಾಗುವುದು ಆ ಕತ್ತರಿಯ ದಿನಗಳಲ್ಲಿಯೇ.

ಉಣ್ಣೆಯ ರಾಶಿಯನ್ನು ಮೇಲಿನಿಂದ ನೋಡಿ ಬೆಲೆ ಕಟ್ಟಲಾಗದು, ಏಕೆಂದರೆ ಕಪ್ಪು ಉಣ್ಣೆಯ ತುದಿ ಬಿಸಿಲಿಗೆ ಕಂದಿ ಕೆಂಚಾಗಿರುತ್ತದೆ, ನಿಜವಾದ ಬಣ್ಣ ಬುಡದಲ್ಲಿ ಇರುತ್ತದೆ. ಆದ್ದರಿಂದ ಬಲ್ಲವರು ರಾಶಿಯನ್ನು ಬಿಡಿಸಿ, ಬುಡವನ್ನು ಹೊರಳಿಸಿ ನೋಡುತ್ತಾರೆ. ಬಣ್ಣ ಹಾಕದ ಸಾಂಪ್ರದಾಯಿಕ ಕಂಬಳಿಯಲ್ಲಿ ಕಪ್ಪು, ಬಿಳಿ, ಬೂದು, ಕಂದು ಎಲ್ಲವೂ ಕುರಿಯ ಮೈಯಿಂದಲೇ ಬರಬೇಕಾಗಿರುವುದರಿಂದ ಅಂಚಿನ ಗೆರೆಗಳಿಗೆ ಬೇಕಾದ ಬಿಳಿಯನ್ನು ಆಗಲೇ ಬೇರೆ ತೆಗೆದಿಡದಿದ್ದರೆ ಮುಂದೆ ಅದಕ್ಕೆ ಪರಿಹಾರವಿಲ್ಲ. ಮಳೆಗಾಲದ ನಂತರದ ಉಣ್ಣೆಯಲ್ಲಿ ಹುಲ್ಲಿನ ಮುಳ್ಳುಬೀಜಗಳು ಸಿಕ್ಕಿಕೊಂಡಿರುತ್ತವೆ. ಅವನ್ನು ಕೈಯಿಂದ ಆರಿಸದೆ ಹಿಂಜಿದರೆ ಹೊದ್ದವರ ಮೈಗೆ ಚುಚ್ಚುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಎಳೆಯ ಗಟ್ಟಿತನ. ಮೇವಿಲ್ಲದೆ ಬಳಲಿದ ಅಥವಾ ಬೇನೆ ಬಿದ್ದ ಕುರಿಯ ಉಣ್ಣೆ ಆ ದಿನಗಳಲ್ಲಿ ಬೆಳೆದ ಭಾಗದಲ್ಲಿ ತೆಳ್ಳಗಾಗಿರುತ್ತದೆ, ಆದುದರಿಂದ ಒಂದು ಕುಚ್ಚನ್ನು ಎರಡು ಕೈಗಳ ನಡುವೆ ಎಳೆದಾಗ ಅದು ನಡುವಿನಲ್ಲೇ ತುಂಡಾಗುತ್ತದೆ. ಬರಗಾಲದ ಒಂದು ತಿಂಗಳು ಹೀಗೆ ಎಳೆಯೊಳಗೆ ಉಳಿದುಬಿಡುತ್ತದೆ. ನಿರಕ್ಷರಿಯೆಂದು ಲೋಕ ಕರೆದ ಎಷ್ಟೋ ಕುರುಬರು ಈ ಬರವಣಿಗೆಯನ್ನು ತಪ್ಪಿಲ್ಲದೆ ಓದಬಲ್ಲವರು.

ಆಯ್ದ ಉಣ್ಣೆಯಲ್ಲಿ ಯಾವುದು ಯಾವುದಕ್ಕೆ ಎಂದು ಹಂಚುವುದು ಎರಡನೆಯ ನಿರ್ಧಾರ. ಮರಿಯ ಮೊದಲ ಕತ್ತರಿಯ ಉಣ್ಣೆ ಮಗುವಿನ ಜವಳದ ಕೂದಲಿನಷ್ಟು ಮೃದು. ಅದನ್ನು ಒಳ್ಳೆಯ ಕಂಬಳಿಗೆಂದು ಪ್ರತ್ಯೇಕವಾಗಿ ಇಡುತ್ತಾರೆ. ಹಾಸಿಗೆ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಎಳೆಗೆ, ಗಟ್ಟಿ ಹುರಿಯ ನೂಲು ಬೇಕು. ಅದಕ್ಕೆ ಹುಣಸೆಬೀಜದ ಗಂಜಿ ಬಳಿದು ಎದ್ದ ಕೂದಲನ್ನು ಕೂರಿಸುತ್ತಾರೆ. ಅಡ್ಡಲಾಗಿ ಓಡುವ ಹೊಕ್ಕಿಗೆ ಸಡಿಲ ಹುರಿಯ ನೂಲೇ ಮೇಲು, ಏಕೆಂದರೆ ಬೆಚ್ಚಗಿನ ಗುಣ ಅದರಲ್ಲಿ ನಿಲ್ಲುವ ಗಾಳಿಯಿಂದ ಬರುತ್ತದೆ. ಈ ಭೇದವನ್ನು ರಾಟಿಯ ಮೇಲೆ ಬೆರಳಿನಿಂದ ಸಾಧಿಸುವವರು ಹೆಂಗಸರು, ಮತ್ತು ಕುಣಿಮಗ್ಗದಲ್ಲಿ ಕುಳಿತವರಿಗೆ ಸಿಗುವ ಹೆಸರಿನಲ್ಲಿ ಅವರಿಗೆ ಸಲ್ಲಬೇಕಾದ ಪಾಲು ಸಂದಿಲ್ಲವೆಂಬುದನ್ನು ಹೇಳಲೇಬೇಕು. ಪಶ್ಚಿಮದ ನಿಪ್ಪಾಣಿ ಕಡೆ ಮಳೆ ಹೆಚ್ಚು, ಪೂರ್ವದ ಅಥಣಿ ಕಡೆ ಕಡಿಮೆ; ಮಳೆಯ ಕಡೆಗೆ ಒಪ್ಪುವುದು ಉಣ್ಣೆಯ ಜಿಡ್ಡು ಪೂರ್ತಿ ಹೋಗದಂತೆ ಉಳಿಸಿ ಬಿಗಿಯಾಗಿ ನೇಯ್ದ ಕಂಬಳಿ, ಏಕೆಂದರೆ ಅದು ನೀರನ್ನು ಬೇಗ ಒಳಗೆ ಬಿಡುವುದಿಲ್ಲ.

ಹೀಗೆ ಆರಿಸುವ ಕಸುಬಿಗೆ ಈಗ ಅಡ್ಡಿಗಳು ಬಂದಿವೆ. ಕೃಷ್ಣೆಯ ದಂಡೆಯ ಕಬ್ಬು ಕುರಿಗಳ ಬಯಲನ್ನು ಕಿರಿದುಗೊಳಿಸಿದೆ. ಮಾಂಸದ ಬೆಲೆ ಏರಿದಂತೆ ಮಂದೆಗಳಲ್ಲಿ ಉಣ್ಣೆ ಅತಿ ಕಡಿಮೆ ಇರುವ ಎಳಗ ಕುರಿಗಳು ಸೇರಿಕೊಂಡಿವೆ. ಪಾಣಿಪತ್ತಿನ ಗಿರಣಿಯ ಅಗ್ಗದ ಕಂಬಳಿ ಸಂತೆಗೆ ಬಂದಿದೆ. ಹೊಲದಲ್ಲಿ ಕುರಿ ತರುಬಿಸಿಕೊಂಡು ಗೊಬ್ಬರ ಪಡೆಯುವ ರೈತನಿಗೆ ಮಂದೆ ಇನ್ನೂ ಬೇಕು, ಆದರೆ ಅದರ ಉಣ್ಣೆ ಯಾರಿಗೂ ಬೇಡದ ಹೊರೆಯಾಗುತ್ತಿದೆ. ಮರಿಯ ಉಣ್ಣೆಗೂ ಮುಳ್ಳು ತುಂಬಿದ ಉಣ್ಣೆಗೂ ಒಂದೇ ತೂಕ, ಒಂದೇ ದರ ಎಂದಾದಾಗ ಆರಿಸುವ ಕಣ್ಣಿಗೆ ಕೂಲಿ ಇಲ್ಲದಂತಾಗುತ್ತದೆ. ಆದ್ದರಿಂದ ಕತ್ತರಿಯ ಸ್ಥಳದಲ್ಲೇ ಬಣ್ಣ, ಎಳೆ, ಶುದ್ಧಿಯ ಆಧಾರದ ಮೇಲೆ ಉಣ್ಣೆಯನ್ನು ಬೇರ್ಪಡಿಸಿ, ಒಂದೊಂದಕ್ಕೂ ತಕ್ಕ ದರ ಕೊಡುವ ವ್ಯವಸ್ಥೆ ಈ ಸೀಮೆಯ ಕಂಬಳಿಗೆ ಮೊದಲು ಬೇಕಾಗಿದೆ. ಹೊಸ ವಿನ್ಯಾಸದ ಮಾತು ಅದರ ನಂತರದ್ದು.