ವಸ್ತುವನ್ನು ಮುಟ್ಟಿಸುವ ವಿದ್ಯೆ

(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಪಂಡಿತರೂ ಅನುಭಾವಿಗಳೂ ಮಾತನಾಡಿದ ಈ ವೇದಿಕೆಯ ಮೇಲೆ ನಿಂತು ಗೋದಾಮು, ಲಾರಿ, ಮೂಟೆಗಳ ವಿಷಯವನ್ನು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ವಿಷಯವು ಒರಟಾದುದು, ಹೇಳುವವನಾದರೂ ಅಲ್ಪಜ್ಞನು. ಆದರೂ ವಾಣಿಜ್ಯ ವಿದ್ಯಾಲಯದಲ್ಲಿ ಇದನ್ನೇ ಬೋಧಿಸಿ ಜೀವಿಸುವವನಾದುದರಿಂದ, ಕಂಡುಂಡದ್ದನ್ನು ನಿವೇದಿಸಿಕೊಳ್ಳುತ್ತೇನೆ. ತಪ್ಪಿದ್ದರೆ ತಾವು ತಿದ್ದಿಕೊಳ್ಳಬೇಕು.

ವ್ಯಾಪಾರಾಡಳಿತದ ಪದವಿಯಲ್ಲಿ ಹಣಕಾಸು, ಮಾರಾಟ, ಸಿಬ್ಬಂದಿ ಎಂಬ ಶಾಖೆಗಳಿದ್ದಂತೆ ಆಪರೇಶನ್ಸ್ ಮತ್ತು ಲಾಜಿಸ್ಟಿಕ್ಸ್ ಎಂಬುದೂ ಒಂದು ಶಾಖೆಯಾಗಿದೆ. ಕೆಲಸವನ್ನು ಯಾವ ಕ್ರಮದಿಂದ ಮಾಡಿದರೆ ಹೊತ್ತೂ ವಸ್ತುವೂ ಹಾಳಾಗುವದಿಲ್ಲ ಎಂಬುದನ್ನು ಮೊದಲನೆಯದು ತಿಳಿಸುತ್ತದೆ. ಬೇಕಾದ ವಸ್ತುವನ್ನು ಬೇಕಾದ ಸ್ಥಳಕ್ಕೆ ಬೇಕಾದ ವೇಳೆಗೆ ಮುಟ್ಟಿಸುವ ಬಗೆಯನ್ನು ಎರಡನೆಯದು ತಿಳಿಸುತ್ತದೆ. ನಮ್ಮ ತಂದೆತಾಯಿಗಳು ಮಕ್ಕಳನ್ನು ಈ ಶಾಖೆಗೆ ಕಳಿಸಲು ಹಿಂದೆಮುಂದೆ ನೋಡುತ್ತಾರೆ. "ಗೋದಾಮು ಕಾಯುವದಕ್ಕೆ ಪದವಿ ಯಾಕೆ?" ಎಂದು ಕೇಳಿದವರುಂಟು. ಹೆಣ್ಣುಮಕ್ಕಳಿಗಂತೂ ಇದು ತಕ್ಕುದಲ್ಲವೆಂದೇ ಬಹುಮಂದಿಯ ಭಾವನೆ. ಈ ಅನಾದರವು ಸರಿಯಲ್ಲವೆಂದು ಹೇಳುವದೇ ನನ್ನ ಇಂದಿನ ಉದ್ದೇಶ.

ನಾನು ಒಕ್ಕಲಿಗನ ಮಗನು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ನಮ್ಮ ಹೊಲದಲ್ಲಿ ಉಳ್ಳಾಗಡ್ಡಿಯು ಹಿಂದೆಂದೂ ಕಾಣದಷ್ಟು ಬಂದಿತು. ತಂದೆಯವರು ಲಾರಿಯಲ್ಲಿ ಹೇರಿಕೊಂಡು ಪೇಟೆಗೆ ಹೋದರು; ನಾನೂ ಸಂಗಡ ಹೋದೆನು. ಅಲ್ಲಿ ತೂಕದ ಕಾಟಾ ಒಂದೇ, ನಿಂತ ಲಾರಿಗಳ ಪಾಳಿ ಬಹು ಉದ್ದ. ಎರಡು ರಾತ್ರಿ ಕಾಯ್ದೆವು. ನಡುವೆ ಮಳೆ ಸುರಿಯಿತು. ನಮ್ಮ ಪಾಳಿ ಬರುವಷ್ಟರಲ್ಲಿ ಕೆಳಗಿನ ಚೀಲಗಳು ಕೊಳೆತು ನಾರುತ್ತಿದ್ದವು. ಬಾಡಿಗೆಯನ್ನು ಕೊಟ್ಟು ಬರಿಗೈಯಿಂದ ಮರಳುವಾಗ ತಂದೆಯವರು, "ತಮ್ಮಾ, ಬೆಳಿಯೂದು ನನಗ ಬರತೈತಿ, ಮುಟ್ಟಿಸೂದು ಬರಲಿಲ್ಲ" ಎಂದರು. ಆ ಮಾತೇ ನನ್ನನ್ನು ಈ ವಿದ್ಯೆಗೆ ಎಳೆದು ತಂದಿತೆಂದು ಹೇಳಬಹುದು.

ಅದು ತಂದೆಯವರ ತಪ್ಪಾಗಿರಲಿಲ್ಲವೆಂದು ಮುಂದೆ ಪದವಿಯ ತರಗತಿಯಲ್ಲಿ ಕುಳಿತಾಗ ನನಗೆ ತಿಳಿಯಿತು. ಪಾಳಿಯ ಗಣಿತಕ್ಕೆ ಡೆನ್ಮಾರ್ಕಿನ ಎರ್ಲಾಂಗ್ ಎಂಬವನು ಟೆಲಿಫೋನು ಕರೆಗಳನ್ನು ಕುರಿತು 1909ರಲ್ಲಿ ಬರೆದ ಲೇಖದಿಂದ ಅಡಿಪಾಯ ಬಿದ್ದಿತು. ಒಂದು ಕಾಟಾ ತಾಸಿಗೆ ಸರಾಸರಿ ಹತ್ತು ಲಾರಿಗಳನ್ನು ತೂಗಬಲ್ಲದೆಂದು ಇಟ್ಟುಕೊಳ್ಳೋಣ. ಲಾರಿಗಳು ಬರುವ ಹೊತ್ತೂ ತೂಗುವ ಹೊತ್ತೂ ಗೊತ್ತುಪಾಡಿಲ್ಲದೆ ಹೆಚ್ಚುಕಡಿಮೆಯಾಗುತ್ತಿರಲಿ. ತಾಸಿಗೆ ಎಂಟು ಲಾರಿಗಳು ಬಂದರೆ, ಒಂದೊಂದು ಲಾರಿಯು ಬಂದು ತೂಗಿಸಿಕೊಂಡು ಹೋಗುವದಕ್ಕೆ ಸರಾಸರಿ ಅರ್ಧ ತಾಸು ಸಾಕು. ಒಂಬತ್ತು ಬಂದರೆ ಒಂದು ತಾಸು ಬೇಕು. ಒಂಬತ್ತೂವರೆಯ ಪ್ರಮಾಣಕ್ಕೆ ಏರಿದರೆ ಎರಡು ತಾಸು! ಬರುವ ಲಾರಿಗಳು ಐದನೆಯ ಒಂದು ಪಾಲಿನಷ್ಟೂ ಹೆಚ್ಚಲಿಲ್ಲ. ತಗಲುವ ಹೊತ್ತು ಮಾತ್ರ ನಾಲ್ಕು ಪಟ್ಟಾಯಿತು. ಸುಗ್ಗಿಯಲ್ಲಿ ಊರೂರಿನವರೆಲ್ಲ ಒಮ್ಮೆಲೇ ಬಂದರೆ ಕೇಳಬೇಕೇ? ಊರುಗಳಿಗೆ ದಿನವನ್ನೂ ವೇಳೆಯನ್ನೂ ಗೊತ್ತುಪಡಿಸಿದ್ದರೆ, ಇಲ್ಲವೇ ಇನ್ನೊಂದು ಕಾಟಾ ಹಾಕಿಸಿದ್ದರೆ, ನಮ್ಮಂಥ ಅನೇಕರ ಬೆಳೆ ಉಳಿಯುತ್ತಿತ್ತು. ದೈವದ ಮೇಲೆ ಹಾಕಿದ ಹೊರೆ ಲೆಕ್ಕದ ದೋಷವಾಗಿತ್ತು.

ಇನ್ನೊಂದು ದೃಷ್ಟಾಂತವನ್ನು ಪ್ರಸಾದನಿಲಯದಿಂದಲೇ ತೆಗೆದುಕೊಳ್ಳುತ್ತೇನೆ. ಒಂದು ನಿಲಯಕ್ಕೆ ವರ್ಷಕ್ಕೆ 1,200 ಚೀಲ ಅಕ್ಕಿ ಬೇಕು. ಒಂದು ಸಲ ತರಿಸಲು, ಚೀಲಗಳು ಎಷ್ಟೇ ಇರಲಿ, 500 ರೂಪಾಯಿ ಖರ್ಚು. ಒಂದು ಚೀಲವನ್ನು ವರ್ಷಪೂರ್ತಿ ಕಾಯ್ದಿಡಲು ಹುಳು, ಇಲಿ, ಬಾಡಿಗೆ, ಬಡ್ಡಿ ಎಲ್ಲ ಸೇರಿ 30 ರೂಪಾಯಿ ಖರ್ಚು. ವರ್ಷಕ್ಕೆ ಒಮ್ಮೆಯೇ ತರಿಸಿದರೆ ಒಟ್ಟು 18,500 ರೂಪಾಯಿ ತಗಲುತ್ತದೆ. ತಿಂಗಳಿಗೊಮ್ಮೆ ತರಿಸಿದರೆ 7,500. ಆರು ಸಲ 200 ಚೀಲಗಳಂತೆ ತರಿಸಿದರೆ 6,000 ಮಾತ್ರ. ತರಿಸುವ ಖರ್ಚೂ ಕಾಯುವ ಖರ್ಚೂ ಅಲ್ಲಿ ಸರಿಸಮವಾಗುತ್ತವೆ, ಅದಕ್ಕಿಂತ ಕಡಿಮೆಯಿಲ್ಲ. ಈ ಸೂತ್ರವನ್ನು ಅಮೇರಿಕೆಯ ಫೋರ್ಡ್ ಹ್ಯಾರಿಸ್ ಎಂಬವನು 1913ರಲ್ಲಿ ಪ್ರಕಟಿಸಿದನು. ಉಳಿದ ಹಣದಿಂದ ಬಡ ವಿದ್ಯಾರ್ಥಿಗಳಿಗೆ ಪುಸ್ತಕಗಳನ್ನು ಕೊಳ್ಳಬಹುದಲ್ಲವೇ?

ಒಂದು ಪೆಟ್ಟಿಗೆಯು ಲೋಕದ ವ್ಯಾಪಾರವನ್ನೇ ಮಾರ್ಪಡಿಸಿದ್ದನ್ನೂ ಈ ವಿದ್ಯೆಯಲ್ಲಿ ಓದುತ್ತೇವೆ. ಅಮೇರಿಕೆಯ ಲಾರಿ ಮಾಲಿಕ ಮಾಲ್ಕಮ್ ಮೆಕ್ಲೀನನು 1956ರ ಏಪ್ರಿಲ್ 26ರಂದು 58 ಪೆಟ್ಟಿಗೆಗಳನ್ನು ಒಂದು ಹಡಗಿನ ಮೇಲಿಟ್ಟು ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದನು. ಮೂಟೆಮೂಟೆಯಾಗಿ ಇಳಿಸಿ ಏರಿಸುವ ಬದಲು ಪೆಟ್ಟಿಗೆಯನ್ನೇ ಲಾರಿಯಿಂದ ಹಡಗಿಗೆ ಎತ್ತಿಟ್ಟರಾಯಿತು. ಇಂದು ಸಮುದ್ರದ ವ್ಯಾಪಾರದಲ್ಲಿ ಕಂಟೇನರು ಕಾಣದ ದೊಡ್ಡ ಬಂದರವು ವಿರಳ.

ಇದು ಧನಿಕರ ಗಲ್ಲೆ ತುಂಬುವ ವಿದ್ಯೆಯಲ್ಲವೇ ಎಂದು ತಾವು ಕೇಳಬಹುದು. ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ನೋಡಿರಿ. ಡಾಕ್ಟರ್ ವೆಂಕಟಸ್ವಾಮಿಯವರು ಸರಕಾರಿ ಸೇವೆಯಿಂದ ನಿವೃತ್ತರಾದ ಮೇಲೆ 1976ರಲ್ಲಿ ಹನ್ನೊಂದು ಹಾಸಿಗೆಗಳಿಂದ ಅದನ್ನು ಆರಂಭಿಸಿದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಶಸ್ತ್ರವೈದ್ಯರು ಒಂದು ಮೇಜಿನ ಮೇಲೆ ಚಿಕಿತ್ಸೆ ಮಾಡುತ್ತಿರುವಾಗಲೇ ಪಕ್ಕದ ಮೇಜಿನ ಮೇಲೆ ಮುಂದಿನ ರೋಗಿಯನ್ನು ಸಿದ್ಧಪಡಿಸಿ ಇಡುವರು. ಆ ಸಿದ್ಧತೆಯ ಕೆಲಸವನ್ನು ಹಳ್ಳಿಯ ಹೆಣ್ಣುಮಕ್ಕಳಿಗೇ ಕಲಿಸಿದರು. ಹೊರದೇಶದ ಕೃತಕ ಮಸೂರವು ದುಬಾರಿಯಾದಾಗ 1992ರಲ್ಲಿ ತಾವೇ ಕಾರಖಾನೆ ಹಾಕಿ ಅಗ್ಗವಾಗಿ ತಯಾರಿಸಿದರು. ವೈದ್ಯರ ಹೊತ್ತು ಒಂದು ಕ್ಷಣವೂ ವ್ಯರ್ಥವಾಗದಂತೆ ಕೆಲಸವನ್ನು ಜೋಡಿಸಿದುದರಿಂದಲೇ ಅಸಂಖ್ಯ ಬಡವರಿಗೆ ಹಣವಿಲ್ಲದೆ ಕಣ್ಣು ಬಂದಿತು. ಇದು ಆಪರೇಶನ್ಸ್ ವಿದ್ಯೆಯೇ. ಹೆಣ್ಣುಮಕ್ಕಳಿಗೆ ಇದು ತಕ್ಕುದಲ್ಲವೆನ್ನುವವರಿಗೂ ಇದರಲ್ಲಿಯೇ ಉತ್ತರವಿದೆ.

ಆದರೆ ಗುಣವನ್ನೇ ಹೇಳಿ ದೋಷವನ್ನು ಮುಚ್ಚಿಡುವದು ಶಿಕ್ಷಕನ ಧರ್ಮವಲ್ಲ. ವಿದ್ಯಾರ್ಥಿಯಾಗಿದ್ದಾಗ ತರಬೇತಿಗಾಗಿ ನನ್ನನ್ನು ಒಂದು ಗೋದಾಮಿಗೆ ಕಳಿಸಿದ್ದರು. ಅಲ್ಲಿ ಹನ್ನೆರಡು ಜನ ಹಮಾಲರು ದುಡಿಯುತ್ತಿದ್ದರು. ನಾನು ಗಡಿಯಾರ ಹಿಡಿದು ಅವರ ಹೆಜ್ಜೆಗಳನ್ನು ಅಳೆದು, ಹೆಚ್ಚಾಗಿ ಹೋಗುವ ಸರಕನ್ನು ಬಾಗಿಲ ಹತ್ತಿರ ಇಡಿಸಿ, ಎಂಟು ಜನ ಸಾಕೆಂದು ವರದಿ ಬರೆದೆನು. ತರಗತಿಗೇ ಹೆಚ್ಚಿನ ಅಂಕಗಳು ನನಗೆ ಬಂದವು. ಗೋದಾಮಿನಲ್ಲಿ ನಾಲ್ವರ ಕೆಲಸ ಹೋಯಿತು. ಹೊರಡುವ ದಿನ ಮುದುಕನಾದ ಹಮಾಲನೊಬ್ಬನು ನನ್ನನ್ನು ನಿಲ್ಲಿಸಿ, "ಸಾಹೇಬ್ರ, ನಿಮ್ಮ ಲೆಕ್ಕದಾಗ ಆ ನಾಕು ಮಂದಿ ಎಲ್ಲಿ ಅದಾರ್ರಿ?" ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಹೆಜ್ಜೆ ಉಳಿಸಿದ್ದು ತಪ್ಪಲ್ಲ. ಉಳಿದ ಹೊತ್ತಿನಲ್ಲಿ ಆ ನಾಲ್ವರಿಗೆ ಬೇರೆ ಯಾವ ಕೆಲಸವನ್ನು ಕಲಿಸಬಹುದೆಂದು ಒಂದು ಸಾಲನ್ನೂ ಬರೆಯದೆ ಹೋದದ್ದು ತಪ್ಪು. ಆ ಅಂಕಪಟ್ಟಿಯನ್ನು ಇಂದಿಗೂ ನಾನು ಯಾರಿಗೂ ಹೆಮ್ಮೆಯಿಂದ ತೋರಿಸಿಲ್ಲ.

ಈ ದೋಷವು ಶಾಸ್ತ್ರದ ಹುಟ್ಟಿನಲ್ಲಿಯೇ ಇದೆ. 1911ರಲ್ಲಿ ಗ್ರಂಥ ಬರೆದ ಟೇಲರನು ಯೋಚಿಸುವವರು ಬೇರೆ, ದುಡಿಯುವವರು ಬೇರೆ ಎಂದು ವಿಭಾಗಿಸಿದನು. ಮುಂದೆ ಜಪಾನಿನ ಟೊಯೋಟಾ ಕಾರಖಾನೆಯಲ್ಲಿ ತಾಯಿಚಿ ಓನೋ ಮೊದಲಾದವರು ಬೇರೆ ದಾರಿ ಹಿಡಿದರು. ದೋಷ ಕಂಡರೆ ಸಾಮಾನ್ಯ ಕೆಲಸಗಾರನೂ ಹಗ್ಗವನ್ನೆಳೆದು ಇಡೀ ಸಾಲನ್ನು ನಿಲ್ಲಿಸಬಹುದೆಂದು ಅಧಿಕಾರ ಕೊಟ್ಟರು. ಅದೇ ಸಂಸ್ಥೆಯ ಕಾರುಗಳು ನಮ್ಮ ಬಿಡದಿಯಲ್ಲಿ 1999ರಿಂದ ತಯಾರಾಗುತ್ತಿವೆ. ಕೈಯಿಂದ ದುಡಿಯುವವನಿಗೆ ಬುದ್ಧಿಯೂ ಮರ್ಯಾದೆಯೂ ಉಂಟೆಂಬುದು ಕಾಯಕದ ನೆಲದಲ್ಲಿ ಹುಟ್ಟಿದ ನಮಗೆ ಹೊಸ ಮಾತಲ್ಲ. ಆದರೂ ಗಡಿಯಾರ ಕೈಗೆ ಬಂದೊಡನೆ ನಾನು ಅದನ್ನು ಮರೆತಿದ್ದೆನು.

ಮಿತವ್ಯಯಕ್ಕೂ ಮಿತಿಯುಂಟು. 2021ರ ಮಾರ್ಚಿನಲ್ಲಿ ಎವರ್ ಗಿವನ್ ಎಂಬ ಹಡಗು ಸುಯೇಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ದಾರಿ ಕಟ್ಟಿತು. ಸಂಗ್ರಹವೇ ದಂಡವೆಂದು ಬರಿದು ಮಾಡಿಕೊಂಡವರು ಆಗ ಪೇಚಿಗೆ ಬಿದ್ದರು. ಬರಗಾಲಕ್ಕೆಂದು ಹಗೇವಿನಲ್ಲಿ ಜೋಳವನ್ನಿಟ್ಟ ನಮ್ಮ ಹಿರಿಯರು ದಡ್ಡರಾಗಿರಲಿಲ್ಲ.

ವಿದ್ಯಾರ್ಥಿಗಳೇ, ಈ ವಿದ್ಯೆಯನ್ನು ಕಲಿಯಲು ನಮ್ಮ ದೇಶದಲ್ಲಿ ಅನುಕೂಲಗಳಿವೆ. ಕಲಕತ್ತೆ ಮತ್ತು ಅಹಮದಾಬಾದುಗಳ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳು 1961ರಲ್ಲಿಯೂ ಬೆಂಗಳೂರಿನದು 1973ರಲ್ಲಿಯೂ ಹುಟ್ಟಿದವು. ಮುಂಬಯಿಯಲ್ಲಿ 1963ರಲ್ಲಿ ಈ ಶಾಖೆಗಾಗಿಯೇ ಹೆಸರಾದ ನೀಟಿ ಸಂಸ್ಥೆಯು ಸ್ಥಾಪಿತವಾಯಿತು. 2023ರಲ್ಲಿ ಅದೂ ಅದೇ ವರ್ಗಕ್ಕೆ ಸೇರಿತು. ಅಲ್ಲಿಗೆ ಹೋಗಲಾಗದವರು ಸಮೀಪದ ವಿದ್ಯಾಲಯದಲ್ಲಿ ಕಲಿತರೂ ಕೊರತೆಯಿಲ್ಲ. ಆದರೆ ಮೂರು ಮಾತುಗಳನ್ನು ನೆನಪಿನಲ್ಲಿಡಿರಿ. ಗಣಿತಕ್ಕೆ ಹೆದರಬೇಡಿರಿ, ನಾನು ಹೇಳಿದ ಲೆಕ್ಕಗಳಿಗೆ ಹೈಸ್ಕೂಲಿನ ವರ್ಗಮೂಲವನ್ನು ಮೀರಿದ್ದೇನೂ ಬೇಕಿಲ್ಲ. ಪುಸ್ತಕವನ್ನು ಮುಚ್ಚಿ ತಿಂಗಳಿಗೊಮ್ಮೆಯಾದರೂ ಪೇಟೆ, ಗೋದಾಮು, ರೈಲು ಠಾಣ್ಯಗಳಿಗೆ ಹೋಗಿ ನಿಂತು ನೋಡಿರಿ. ವರದಿಯ ಕೊನೆಯ ಪುಟವನ್ನು ಬರೆಯುವ ಮುನ್ನ ಆ ಮುದುಕ ಹಮಾಲನ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿರಿ.

ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೇ: ಬೆಳೆಯುವವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ, ಉಣ್ಣುವವರೂ ಇದ್ದಾರೆ. ನಡುವಿನ ಹಾದಿಯಲ್ಲಿ ಅನ್ನವು ಕೊಳೆಯದಂತೆ ನೋಡಿಕೊಳ್ಳಬಲ್ಲವರು ಸಾಲದು. ಮಗನಾಗಲಿ ಮಗಳಾಗಲಿ ಆ ಹಾದಿಯನ್ನು ಕಲಿಯುವೆನೆಂದರೆ ಬೇಡವೆನ್ನಬೇಡಿರಿ.