ಎಳೆ ಎಣಿಸುವ ಬಿಡುವು
ಧಾರವಾಡ ಸೀಮೆಯ ಕಸೂತಿಗೆ ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವ ರೂಢಿಯಿಲ್ಲ; ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ 4 ಹೊಲಿಗೆಗಳಲ್ಲಿ ಜಾಣತನವೆಲ್ಲ ಗವಂತಿಯದು. ಸೂಜಿ ನಡುನಡುವೆ ಜಾಗ ಬಿಡುತ್ತ ಮುಂದೆ ಸಾಗಿ, ಅದೇ ದಾರಿಯಲ್ಲಿ ಮರಳುವಾಗ ಖಾಲಿ ಜಾಗ ತುಂಬುತ್ತದೆ. ಗಂಟು ಹಾಕದ ಕಾರಣ ಬಟ್ಟೆಯ ಒಳಮೈಯೂ ಹೊರಮೈಯೂ ಒಂದೇ ತರ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡುವುದು ಹೀಗೆ.

ಮನೆಗೆಲಸ ಮುಗಿದ ಮಧ್ಯಾಹ್ನ ಇದಕ್ಕೆ ತಕ್ಕ ಹೊತ್ತು. ಒಬ್ಬರು ಕಾದಂಬರಿ ಓದಿದರೆ ಉಳಿದವರು ಹೊಲಿಯುತ್ತಲೇ ಕೇಳಬಹುದು. ಆದರೆ ಕತೆ ರಂಗೇರಿದಾಗ ಎಣಿಕೆ ತಪ್ಪಿ ಗೋಪುರ ವಾಲುವುದುಂಟು. ಆಗ ದಾರ ಬಿಚ್ಚದೆ ಗತಿಯಿಲ್ಲ. ಓದು ಕೇಳುವಾಗ ಒಂದೇ ಲೆಕ್ಕ ಮರುಕಳಿಸುವ ಅಂಚಿನ ಕೆಲಸವೇ ಲೇಸು.